ಕೆಲಸ ಬಿಟ್ಟರೆ ಮಾತ್ರ ದೇವರ ಚಿತ್ತವಾ?

ಪ್ರಶ್ನೆ: ನನಗೆ 27 ವರ್ಷ. ದೊಡ್ಡಬಳ್ಳಾಪುರದ ಹತ್ತಿರ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಹಾಜರಿ, ಓಟಿ, ಪಿಎಫ್ ನೋಡಿ ಸಂಬಳದ ಪಟ್ಟಿ ತಯಾರಿಸುವುದು ನನ್ನ ಕೆಲಸ. ಈ ವರ್ಷ ವಾಚ್‌ನೈಟ್ ಆರಾಧನೆಯಲ್ಲಿ (ಹೊಸ ವರ್ಷದ ಹಿಂದಿನ ರಾತ್ರಿಯ ಆರಾಧನೆ) ನನಗೆ ಬಂದ ವಾಗ್ದಾನದ ಕಾರ್ಡ್, ಅಂದರೆ ವರ್ಷಕ್ಕೆಂದು ಕೊಡುವ ಬೈಬಲ್ ವಚನ, ಯೆರೆಮೀಯ 29:11. ಆಮೇಲೆ ಒಂದು ಕನ್ವೆನ್ಷನ್‌ನಲ್ಲಿ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ನನ್ನ ತಲೆ ಮೇಲೆ ಕೈಯಿಟ್ಟು, ದೇವರು ನಿನ್ನನ್ನು ಫುಲ್‌ಟೈಮ್ ಸೇವೆಗೆ ಕರೆದಿದ್ದಾರೆ, ಲೋಕದ ಕೆಲಸ ಬಿಡು ಎಂದು ಪ್ರವಾದನೆ ಹೇಳಿದರು. ಅಂದಿನಿಂದ ಆಫೀಸಿನಲ್ಲಿ ಕೂತರೆ ಜೀವನ ಸುಮ್ನೆ ಹಾಳಾಗ್ತಿದೆ ಅನ್ನಿಸುತ್ತದೆ. ಅಮ್ಮನಿಗೆ ಶುಗರ್ ಜಾಸ್ತಿ, ಕಾಲಿನ ಗಾಯ ವಾಸಿಯಾಗುತ್ತಿಲ್ಲ. ತಮ್ಮನ ಡಿಪ್ಲೊಮಾ ಫೀಸು ನನ್ನ ಸಂಬಳದಲ್ಲೇ ಆಗಬೇಕು. ಮುಂದಿನ ಕೂಟದಲ್ಲಿ ವೇದಿಕೆಗೆ ಬಂದು, ಕೆಲಸ ಬಿಟ್ಟ ಸಾಕ್ಷಿ ಹೇಳು ಅಂತ ಅವರು ಫೋನ್ ಮಾಡುತ್ತಿದ್ದಾರೆ. ಬಿಡದೆ ಇದ್ದರೆ ದೇವರ ಉದ್ದೇಶ ತಪ್ಪಿಹೋಗುತ್ತಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸದ್ಯಕ್ಕೆ ರಾಜೀನಾಮೆ ಕೊಡಬೇಡಿ. ದೇವರು ನಿಮ್ಮನ್ನು ಸೇವೆಗೆ ಕರೆದಿಲ್ಲ ಅನ್ನುವ ಅಧಿಕಾರ ನನಗಿಲ್ಲ. ಕರೆದಿದ್ದಾರೆ ಎಂದು ಒಂದೇ ಸಂಜೆಯಲ್ಲಿ ತೀರ್ಮಾನಿಸುವ ಅಧಿಕಾರ ಆ ಪ್ರಸಂಗಿಗೂ ಇಲ್ಲ. ನಿಜವಾದ ಕರೆ ಆರು ತಿಂಗಳು ಕಾದರೆ ಸತ್ತುಹೋಗುವುದಿಲ್ಲ.

ನಿಮ್ಮ ಕಾರ್ಡ್‌ನಿಂದಲೇ ಶುರುಮಾಡೋಣ. ಯೆರೆಮೀಯ 29:11 ನಮ್ಮ ಮನೆಗಳ ಗೋಡೆ, ಕ್ಯಾಲೆಂಡರು, ಮೊಬೈಲ್ ಸ್ಟೇಟಸ್ಸು, ಎಲ್ಲ ಕಡೆ ಇರುವ ವಚನ. ಹಿತದ ಯೋಚನೆ, ಒಳ್ಳೆಯ ಗತಿ, ನಿರೀಕ್ಷೆ. ಕೇಳಲು ಸಿಹಿ. ಆದರೆ ಅದು ಪ್ರವಾದಿ ಯೆರೆಮೀಯ ಬರೆದ ಒಂದು ಪತ್ರದ ಮಧ್ಯದಲ್ಲಿರುವ ಸಾಲು. ಆ ಪತ್ರ ಬರೆದದ್ದು ಯಾರಿಗೆ ಗೊತ್ತಾ? ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಎಳೆದುಕೊಂಡು ಹೋದ ಜನರಿಗೆ. ಮನೆ, ಹೊಲ, ದೇವಾಲಯ ಎಲ್ಲ ಬಿಟ್ಟು ಬಾಬೆಲಿನಲ್ಲಿ ಕೂತವರಿಗೆ. ಅವರು ಕೇಳುತ್ತಿದ್ದದ್ದೂ ಹೆಚ್ಚುಕಡಿಮೆ ನಿಮ್ಮ ಪ್ರಶ್ನೆಯೇ. ಇಲ್ಲಿ ನಮ್ಮ ಬಾಳು ಹಾಳಾಗ್ತಿದೆಯಲ್ಲ, ದೇವರ ಕೆಲಸ ಇರುವುದು ಅಲ್ಲಿ, ನಾವಿರುವುದು ಇಲ್ಲಿ.

ಅವರ ವಿಷಯದಲ್ಲೂ ಸಿಹಿ ಪ್ರವಾದನೆ ಹೇಳಿದವನೊಬ್ಬ ಇದ್ದ. ಹಿಂದಿನ 28ನೇ ಅಧ್ಯಾಯ ಓದಿ. ಹನನ್ಯ ಅಂತ. ಬಾಬೆಲಿಗೆ ತಲೆಬಾಗಬೇಕು ಎಂಬುದರ ಗುರುತಾಗಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ನೊಗವನ್ನು ಎಲ್ಲರ ಮುಂದೆ ಕಿತ್ತು ಮುರಿದು, ಇನ್ನೆರಡು ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದ. ಜನಕ್ಕೆ ಬೇಕಾದದ್ದೂ ಅದೇ. ಯೆರೆಮೀಯ ಬರೆದದ್ದು ಬೇರೆ: 70 ವರ್ಷ. ಅಂದರೆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾಗಬೇಕು. ಹಾಗಾದರೆ ಅಲ್ಲಿಯವರೆಗೆ ಏನು ಮಾಡಬೇಕು? 5ರಿಂದ 7ನೇ ವಚನದಲ್ಲಿ ಅದೂ ಇದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮದುವೆಯಾಗಿ, ಮಕ್ಕಳನ್ನು ಹೆತ್ತು ಅವರಿಗೂ ಮದುವೆ ಮಾಡಿ. ನಿಮ್ಮನ್ನು ಸೆರೆ ಒಯ್ದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಇಷ್ಟಾದ ಮೇಲೆ 11ನೇ ವಚನ ಬರುತ್ತದೆ. ವಾಗ್ದಾನದ ಕಾರ್ಡ್ ಅಚ್ಚು ಹಾಕುವವರಿಗೆ ಜಾಗ ಕಡಿಮೆ, ನಿಜ. ಆದರೂ 5ನೇ ವಚನವನ್ನು ಒಂದು ವರ್ಷವಾದರೂ ಅಚ್ಚು ಹಾಕಲಿ ಅನ್ನಿಸುತ್ತದೆ.

ಹೀಗಾಗಿ ನಿಮ್ಮ ಕಾರ್ಡ್ ಕೆಲಸ ಬಿಡಿ ಅನ್ನುತ್ತಿಲ್ಲ. ಇರುವ ಊರಲ್ಲಿ ಇದ್ದು, ಅಲ್ಲಿಯ ಜನಕ್ಕೆ ಒಳ್ಳೆಯದು ಮಾಡಿ ಎಂಬ ಮಾತೇ ಅದರಲ್ಲಿ ಜಾಸ್ತಿ ಇದೆ.

ನಮ್ಮಲ್ಲಿ ದೇವರ ಚಿತ್ತ ಅಂದ ಕೂಡಲೇ ಯಾವ ಕೋರ್ಸು, ಯಾವ ಕೆಲಸ, ಯಾರನ್ನು ಮದುವೆ ಎಂಬ ಮೂರು ಪ್ರಶ್ನೆಗೆ ಹೋಗಿಬಿಡುತ್ತೇವೆ. ದೇವರು ಎಲ್ಲೋ ಬಚ್ಚಿಟ್ಟಿದ್ದಾರೆ, ನಾವು ಉಪವಾಸ ಮಾಡಿ ಪತ್ತೆ ಹಚ್ಚಬೇಕು ಅನ್ನುವ ಹಾಗೆ. ಆದರೆ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇದೇ ದೇವರ ಚಿತ್ತ ಎಂದು ಬಾಯಿಬಿಟ್ಟು ಹೇಳಿರುವ ಜಾಗಗಳನ್ನು ತೆರೆದು ನೋಡಿ. 1 ಥೆಸಲೊನೀಕ 4:3ರಲ್ಲಿ ಶುದ್ಧವಾದ ಬಾಳು. ಅದೇ ಪತ್ರದ 5:18ರಲ್ಲಿ ಎಲ್ಲದರಲ್ಲೂ ಕೃತಜ್ಞತೆ. 1 ಪೇತ್ರ 2:15ರಲ್ಲಿ ಒಳ್ಳೆಯ ನಡತೆಯಿಂದ ಮೂಢರ ಬಾಯಿ ಮುಚ್ಚಿಸುವುದು. ಮೀಕ 6:8 ನಿಮಗೆ ಬಾಯಿಪಾಠವೇ ಇರುತ್ತದೆ: ನ್ಯಾಯ, ಕರುಣೆ, ದೇವರ ಮುಂದೆ ನಮ್ರತೆಯ ನಡೆ. ಇದಕ್ಕೆ ಪ್ರವಾದನೆ ಬೇಕಿಲ್ಲ. ಸೋಮವಾರ ಬೆಳಿಗ್ಗೆ ಎದ್ದು ಮಾಡುವುದು ಬೇಕು, ಅಷ್ಟೇ. ಅದು ಸುಲಭ ಎಂದು ನಾನು ಹೇಳುತ್ತಿಲ್ಲ. ನನ್ನ ಅನುಮಾನ ಏನೆಂದರೆ, ಹೇಳಿರುವುದು ಕಷ್ಟ ಅಂತಲೇ ನಾವು ಹೇಳದೆ ಇರುವುದನ್ನು ಹುಡುಕಿಕೊಂಡು ಹೋಗುತ್ತೇವೆ.

ಈಗ ನಿಮ್ಮ "ಲೋಕದ ಕೆಲಸ". ಯಾಕೋಬ 5:4 ಓದಿದ್ದೀರಾ? ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟುಕೊಂಡರೆ ಆ ಕೂಲಿಯೇ ಕೂಗುತ್ತದೆ, ಆ ಕೂಗು ಸೇನಾಧೀಶ್ವರನಾದ ದೇವರ ಕಿವಿ ಮುಟ್ಟುತ್ತದೆ ಎಂದಿದೆ. ನೀವು ದಿನಾ ಕೂರುವ ಕುರ್ಚಿ ಆ ವಚನದ ನಡುಮಧ್ಯದಲ್ಲಿದೆ. ಟಾರ್ಗೆಟ್ ಮುಗಿದಿಲ್ಲ ಅಂತ ಒಂದು ಲೈನಿನ ಹೆಣ್ಣುಮಕ್ಕಳನ್ನು ಅರ್ಧ ಗಂಟೆ ಜಾಸ್ತಿ ಕೂರಿಸಿದರೆ ಅದು ಓಟಿ. ಓಟಿಗೆ ದುಪ್ಪಟ್ಟು ಕೂಲಿ ಕೊಡಬೇಕು ಎಂಬುದು ಕಾನೂನು. ಆ ಅರ್ಧ ಗಂಟೆ ಪಟ್ಟಿಗೆ ಬರುತ್ತಾ, ಮಾಯವಾಗುತ್ತಾ ಎಂಬುದು ನಿಮ್ಮ ಕಣ್ಣ ಮುಂದೆಯೇ ಆಗುತ್ತದೆ.

ಪಿಎಫ್ ಇನ್ನೊಂದು. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಿಎಫ್ ದಾಖಲೆಯಲ್ಲಿ ಲಕ್ಷ್ಮೀ. ಹುಟ್ಟಿದ ವರ್ಷ ಒಂದೊಂದರಲ್ಲಿ ಒಂದೊಂದು. ಕೆಲಸದಲ್ಲಿ ಇರುವಷ್ಟು ದಿನ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ಮಗಳ ಮದುವೆಗೆ ಅಂತ ಅರ್ಜಿ ಹಾಕಿದ ದಿನ ಕ್ಲೇಮ್ ವಾಪಸ್ ಬರುತ್ತದೆ. ಆ ತಾಯಿ ಅರ್ಧ ದಿನದ ಸಂಬಳ ಕಳೆದುಕೊಂಡು ಸೈಬರ್ ಸೆಂಟರು, ಪಿಎಫ್ ಆಫೀಸು ಅಂತ ಓಡಾಡುತ್ತಾರೆ. ಮೊದಲೇ ಹೆಸರು ಸರಿ ಮಾಡಿಸಿ ಇಡುವ ತಾಳ್ಮೆ ಇರುವ ಒಬ್ಬ ಅಕೌಂಟ್ಸ್ ಹುಡುಗಿ ಇದ್ದರೆ ಎಷ್ಟು ಕಣ್ಣೀರು ಉಳಿಯುತ್ತದೆ, ಲೆಕ್ಕ ಹಾಕಿ. ಆ ನೂರಾರು ಹೆಂಗಸರ ಹತ್ತಿರ ನಿಮ್ಮಷ್ಟು ಸುಲಭವಾಗಿ ಯಾವ ಪಾಸ್ಟರೂ ಹೋಗಲಾರರು.

ಸತ್ಯವೇದದಲ್ಲಿ ದೇವರ ಆತ್ಮದಿಂದ ತುಂಬಿದವನು ಎಂದು ಹೆಸರು ಹಿಡಿದು ಹೇಳಿರುವ ಮೊದಲ ಮನುಷ್ಯ ಯಾರು? ಯಾಜಕನಲ್ಲ, ಪ್ರವಾದಿಯಲ್ಲ. ವಿಮೋಚನಕಾಂಡ 31ರ ಬೆಚಲೇಲ. ಚಿನ್ನ, ಬೆಳ್ಳಿ, ತಾಮ್ರ, ಮರದ ಕೆಲಸ ಬಲ್ಲ ಕಸುಬುಗಾರ. ಇನ್ನು ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಗುಡಾರ ಹೊಲಿದು ಹೊಟ್ಟೆ ಹೊರೆದ. ನಮ್ಮ ಇವತ್ತಿನ ಲೆಕ್ಕದಲ್ಲಿ ಅಪೊಸ್ತಲ ಪೌಲ ಪಾರ್ಟ್‌ಟೈಮ್!

ಅಮ್ಮನ ವಿಷಯಕ್ಕೆ ಬರುತ್ತೇನೆ. ಇದನ್ನು ನೀವು ಒಂದು ಅಡ್ಡಿ ಎಂಬಂತೆ ಬರೆದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಮಾರ್ಕ 7ರಲ್ಲಿ ಯೇಸು ಸಿಟ್ಟಾದ ಒಂದು ಸಂದರ್ಭ ಇದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು ಎಂದು ಹೇಳಿ ಕೈತೊಳೆದುಕೊಳ್ಳುವವರ ಮೇಲೆ. ದೇವರ ಹೆಸರಲ್ಲೇ ದೇವರ ಮಾತನ್ನು ಮುರಿಯುತ್ತೀರಿ ಎಂದರು. 1 ತಿಮೊಥೆ 5:8 ಇನ್ನೂ ಖಾರ. ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ.

ಶಿಷ್ಯರು ಬಲೆ ಬಿಟ್ಟು ಹೋದರಲ್ಲ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಹೋದರು. ಅದೇ ಮಾರ್ಕ 1ನೇ ಅಧ್ಯಾಯವನ್ನು ಮುಂದಕ್ಕೆ ಓದಿ. ಬಲೆ ಬಿಟ್ಟವರು ಯೇಸುವಿನ ಜೊತೆ ಸಭಾಮಂದಿರಕ್ಕೆ ಹೋಗಿ, ಅಲ್ಲಿಂದ ನೇರವಾಗಿ ಬಂದದ್ದು ಅವರಲ್ಲೊಬ್ಬನಾದ ಸೀಮೋನನ ಮನೆಗೆ. ಅಲ್ಲಿ ಅವನ ಅತ್ತೆ ಜ್ವರ ಬಂದು ಮಲಗಿದ್ದಳು. ಯೇಸು ಕೈಹಿಡಿದು ಎಬ್ಬಿಸಿದರು. ಕಾಲಿನ ಗಾಯ ವಾಸಿಯಾಗದ ಅಮ್ಮನನ್ನು ಬಿಟ್ಟು ಬಾ ಅನ್ನುವ ದನಿ ಆ ಯೇಸುವಿನದು ಅಂತ ನನಗೆ ಅನ್ನಿಸುವುದಿಲ್ಲ. ಅಂದ ಹಾಗೆ ಶುಗರ್ ಇರುವವರ ಕಾಲಿನ ಗಾಯವನ್ನು ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿ ಅಷ್ಟಕ್ಕೇ ಬಿಡಬೇಡಿ. ಪ್ರಾರ್ಥನೆಯೂ ಇರಲಿ, ಈ ವಾರವೇ ಸರ್ಜನ್ ಹತ್ತಿರ ತೋರಿಸಿ. ತಡವಾದಷ್ಟೂ ಕಾಲಿಗೆ ಅಪಾಯ.

ಹಾಗಾದರೆ ಆ ಪ್ರವಾದನೆ ಸುಳ್ಳಾ? ನಾನು ಹಾಗೂ ಹೇಳುವುದಿಲ್ಲ. ಪ್ರವಾದನೆಗಳನ್ನು ತಿರಸ್ಕರಿಸಬೇಡಿ, ಎಲ್ಲವನ್ನೂ ಪರೀಕ್ಷಿಸಿ ಎಂದು ಪೌಲ ಒಂದೇ ಉಸಿರಿನಲ್ಲಿ ಬರೆದಿದ್ದಾನೆ. ನಾವು ಮೊದಲರ್ಧ ಹಿಡಿದು ಎರಡನೆಯದನ್ನು ಬಿಡುತ್ತೇವೆ, ಇಲ್ಲವೇ ತಿರುಗಾಮುರುಗಾ. 1 ಕೊರಿಂಥ 14:29ರಲ್ಲಿ ಇನ್ನೂ ಸ್ಪಷ್ಟವಾಗಿದೆ. ಪ್ರವಾದಿಗಳು ಮಾತಾಡಲಿ, ಮಿಕ್ಕವರು ತೂಗಿ ನೋಡಲಿ. ಕನ್ವೆನ್ಷನ್ ವೇದಿಕೆಯಲ್ಲಿ ತೂಗಿ ನೋಡುವವರು ಯಾರಿದ್ದರು? ಕೀಬೋರ್ಡ್ ನುಡಿಯುತ್ತಿತ್ತು, ಎಲ್ಲರೂ ಹಲ್ಲೆಲೂಯ ಅಂದರು, ಮರುದಿನ ಅವರು ಬೇರೆ ಊರಿಗೆ ಹೋದರು. ನಿಮ್ಮ ಅಮ್ಮನ ಹೆಸರೂ ಅವರಿಗೆ ಗೊತ್ತಿರಲಿಕ್ಕಿಲ್ಲ.

ಅಪೊಸ್ತಲರ ಕೃತ್ಯಗಳು 21ರಲ್ಲಿ ಕೈಸರೈಯದ ಒಂದು ಘಟನೆ ಇದೆ. ಪೌಲ ಫಿಲಿಪ್ಪನ ಮನೆಯಲ್ಲಿ ಇಳಿದುಕೊಂಡಿದ್ದಾನೆ. ಅಗಬ ಎಂಬ ಪ್ರವಾದಿ ಬಂದು ಪೌಲನ ನಡುಕಟ್ಟನ್ನು ತೆಗೆದುಕೊಂಡು ತನ್ನದೇ ಕೈಕಾಲು ಕಟ್ಟಿಕೊಳ್ಳುತ್ತಾನೆ. ಈ ನಡುಕಟ್ಟಿನವನನ್ನು ಯೆರೂಸಲೇಮಿನಲ್ಲಿ ಹೀಗೆ ಕಟ್ಟುತ್ತಾರೆ ಅನ್ನುತ್ತಾನೆ. ಪ್ರವಾದನೆ ನಿಜವೇ. ಅಲ್ಲಿದ್ದವರೆಲ್ಲ ಅದನ್ನು ಕೇಳಿ, ಹೋಗಬೇಡ ಎಂದು ಅಳುತ್ತಾರೆ. ಪೌಲ ಅದನ್ನೇ ಕೇಳಿ, ಹೋಗುತ್ತೇನೆ ಅನ್ನುತ್ತಾನೆ. ನೋಡಿ, ಮಾತು ಒಂದೇ, ತೀರ್ಮಾನ ಎರಡು. ಅಗಬ ಕೂಡ ಏನಾಗುತ್ತದೆ ಎಂದು ಹೇಳಿದನೇ ಹೊರತು ನೀನು ಹೀಗೇ ಮಾಡು ಎಂದು ಪೌಲನ ಕತ್ತಿನ ಮೇಲೆ ಕೂರಲಿಲ್ಲ. ಕೊನೆಗೆ ಗೆಳೆಯರು, ಕರ್ತನ ಚಿತ್ತ ನೆರವೇರಲಿ ಎಂದು ಸುಮ್ಮನಾದರು. ಪ್ರವಾದನೆ ಹೇಳಿದವರು ಆಮೇಲೆ ದಿನಾ ಫೋನ್ ಮಾಡಿ ಒತ್ತಾಯಿಸುತ್ತಿದ್ದರೆ ನಾನು ಹುಷಾರಾಗುತ್ತೇನೆ. ಆ ಮಾತಿನ ಹಿಂದೆಯೇ ಕಾಣಿಕೆಯ ಮಾತೂ ಬಂದರೆ ಇನ್ನೂ ಜಾಸ್ತಿ ಹುಷಾರಾಗುತ್ತೇನೆ.

ಬಾಗಿಲು ತೆರೆಯಿತು, ಬಾಗಿಲು ಮುಚ್ಚಿತು ಎಂದು ಲೆಕ್ಕ ಹಾಕುವ ಅಭ್ಯಾಸವೂ ನಮಗಿದೆ. ಅಪೊಸ್ತಲರ ಕೃತ್ಯಗಳು 16 ಓದಿದರೆ ಅದು ಅಷ್ಟು ಸರಳ ಅಲ್ಲ ಅಂತ ತಿಳಿಯುತ್ತದೆ. ಪೌಲನ ತಂಡಕ್ಕೆ ಆಸ್ಯ ಸೀಮೆಯಲ್ಲಿ ಸಾರಲು ಪವಿತ್ರಾತ್ಮ ಬಿಡಲಿಲ್ಲ. ಬಿಥೂನ್ಯಕ್ಕೆ ಹೊರಟರು, ಅಲ್ಲೂ ಬಿಡಲಿಲ್ಲ. ತ್ರೋವದ ಬಂದರಿಗೆ ಬಂದು ನಿಂತಾಗ ರಾತ್ರಿ ಮಕೆದೋನ್ಯದವನೊಬ್ಬ ದರ್ಶನದಲ್ಲಿ ಕರೆದ. ಅಷ್ಟು ಸ್ಪಷ್ಟ ದರ್ಶನ ಸಿಕ್ಕ ಮೇಲೂ ತಂಡದವರೆಲ್ಲ ಸೇರಿ ಆಲೋಚಿಸಿ, ದೇವರು ಕರೆದಿದ್ದಾರೆಂದು ನಿಶ್ಚಯಿಸಿಕೊಂಡರು. ಹೋದ ಮೇಲೆ ಏನಾಯಿತು? ಫಿಲಿಪ್ಪಿಯಲ್ಲಿ ನದಿ ದಡದಲ್ಲಿ ಕೆಲವು ಹೆಂಗಸರು, ಅವರಲ್ಲಿ ಬಣ್ಣದ ಬಟ್ಟೆ ಮಾರುವ ಲುದ್ಯ. ಆಮೇಲೆ ಛಡಿ ಏಟು, ಕಾಲಿಗೆ ಕೋಳ, ಸೆರೆಮನೆ. ಸರಿಯಾದ ದಾರಿಯಲ್ಲೇ ಏಟು ಬಿತ್ತು. ಹೀಗಾಗಿ ಆಫೀಸಿನಲ್ಲಿ ಕಷ್ಟ ಇದೆ, ಅದಕ್ಕೇ ಇದು ದೇವರ ಚಿತ್ತ ಅಲ್ಲ ಎಂಬ ಲೆಕ್ಕವೂ ನಡೆಯುವುದಿಲ್ಲ. ಅಲ್ಲಿ ಲುದ್ಯ ಏನು ಮಾಡಿದಳು ಅನ್ನುವುದನ್ನೂ ಗಮನಿಸಿ. ದೀಕ್ಷಾಸ್ನಾನ ಆಯಿತು, ಮನೆ ಬಾಗಿಲು ತೆರೆದಳು, ಅವಳ ಮನೆಯೇ ಆ ಊರಿನ ಸಹೋದರರು ಸೇರುವ ಜಾಗವಾಯಿತು. ವ್ಯಾಪಾರ ಬಿಡು ಎಂದು ಪೌಲ ಹೇಳಿದ ಸುಳಿವು ಎಲ್ಲೂ ಇಲ್ಲ.

ಇಷ್ಟೆಲ್ಲ ಹೇಳಿದರೂ, ಪೂರ್ಣಾವಧಿ ಸೇವೆಯ ಕರೆ ಎಂಬುದು ಇದ್ದೇ ಇದೆ. ನಿಮ್ಮ ಮನಸ್ಸಿನಲ್ಲಿ ಆ ಆಸೆ ಪ್ರವಾದನೆಗಿಂತ ಮೊದಲೇ ಇತ್ತಾ? ಇದು ದೊಡ್ಡ ಪ್ರಶ್ನೆ, ನೀವೇ ಉತ್ತರ ಹೇಳಿಕೊಳ್ಳಬೇಕು. ಇದ್ದರೆ ಅದನ್ನು ತಳ್ಳಿಹಾಕಬೇಡಿ. ಆದರೆ ಕರೆ ಸಿಕ್ಕವರಿಗೂ ಪೂರ್ತಿ ನಕ್ಷೆ ಮೊದಲ ದಿನ ಸಿಗುವುದಿಲ್ಲ. ಇದಕ್ಕೆ ಕನ್ನಡಿಗರಿಗೆ ಹತ್ತಿರದವರೊಬ್ಬರನ್ನೇ ನೋಡೋಣ.

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕರಾವಳಿ ಸೀಮೆಯಲ್ಲಿ. 1853ರಲ್ಲಿ ಬಾಸೆಲ್ ಮಿಷನ್ ಅವರನ್ನು ಇಲ್ಲಿಗೆ ಕಳಿಸಿದ್ದು ಸುವಾರ್ತೆ ಸಾರಲು. ಸಾರಬೇಕಾದರೆ ಜನರ ಭಾಷೆ ಬರಬೇಕಲ್ಲ, ಕಲಿಯಲು ಕೂತರು. ಕೂತವರು ಏಳಲೇ ಇಲ್ಲ ಅನ್ನಬೇಕು! ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡುವಂತೆ ಬರೆದರು. ಕೇಶಿರಾಜನ ಹಳೆಗನ್ನಡ ವ್ಯಾಕರಣವನ್ನು 1872ರಲ್ಲಿ, ನಾಗವರ್ಮನ ಛಂದಸ್ಸಿನ ಗ್ರಂಥವನ್ನು 1875ರಲ್ಲಿ ಸಂಪಾದಿಸಿ ಹೊರತಂದರು. ಮಿಷನ್ನಿನ ಹಿರಿಯರಿಗೆ ಈ ಪಾಂಡಿತ್ಯದ ಗೀಳು ಅಷ್ಟೇನೂ ಹಿಡಿಸಿರಲಿಲ್ಲ. ಕಳಿಸಿದ್ದು ಯಾತಕ್ಕೆ, ಮಾಡುತ್ತಿರುವುದು ಏನು ಎಂಬ ಕಸಿವಿಸಿ. ನಡುವೆ ಜರ್ಮನಿಗೆ ವಾಪಸ್ ಹೋದರು. ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಮತ್ತೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಆ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು. ಸುಮಾರು 70,000 ಪದಗಳು. ಅಲ್ಲಿಗೆ ಅವರು ಕನ್ನಡ ನಾಡಿಗೆ ಮೊದಲು ಕಾಲಿಟ್ಟು 41 ವರ್ಷ. 1903ರಲ್ಲಿ ಅವರ ಕನ್ನಡ ವ್ಯಾಕರಣ ಬಂತು, ಅದೇ ವರ್ಷ ತೀರಿಕೊಂಡರು.

ಸಾರಲು ಬಂದವರು ಪದ ಜೋಡಿಸುತ್ತ ಕೂತಿದ್ದು ಕರೆಗೆ ತಪ್ಪಿದ ಹಾಗಾ? ಅವತ್ತಿನ ಒಬ್ಬ ಮಿಷನ್ ಅಧಿಕಾರಿಯನ್ನು ಕೇಳಿದ್ದರೆ ಹೌದು ಅನ್ನುತ್ತಿದ್ದರೋ ಏನೋ. ಇವತ್ತು ಯೇಸುವಿನ ಹೆಸರು ಎತ್ತದ ಮನೆಯಲ್ಲೂ ಕಿಟೆಲ್ ಹೆಸರನ್ನು ಗೌರವದಿಂದ ಎತ್ತುತ್ತಾರೆ. ನಾನು ಇದರಿಂದ ಕಲಿತದ್ದು ಇಷ್ಟು: ಅವರು ಕರೆ ಬಂದ ಮೇಲೆ ಕೈಗೆ ಸಿಕ್ಕ ಕೆಲಸವನ್ನು, ಅಂದರೆ ಭಾಷೆ ಕಲಿಯುವುದನ್ನು, ಚೆನ್ನಾಗಿ ಮಾಡಿದರು. ಕರೆ ಅಲ್ಲಿಂದ ಬೆಳೆಯಿತು. ಮೊದಲೇ ನಿಘಂಟಿನ ದರ್ಶನ ಕಂಡು ಹಡಗು ಹತ್ತಿದವರಲ್ಲ ಅವರು.

ಹಾಗಾಗಿ ನಿಮಗೆ ನನ್ನ ಸಲಹೆ ಇದು. ಒಂದು ವರ್ಷ ಗಡುವು ಇಟ್ಟುಕೊಳ್ಳಿ. ಕೆಲಸ ಇರಲಿ. ನಿಮ್ಮ ಸ್ವಂತ ಸಭೆಯಲ್ಲಿ, ವೇದಿಕೆ ಇಲ್ಲದ ಒಂದು ಕೆಲಸ ಹಿಡಿಯಿರಿ. ಸಂಡೇ ಸ್ಕೂಲ್ ಇರಬಹುದು, ಆಸ್ಪತ್ರೆ ಭೇಟಿ ಇರಬಹುದು, ಸಭೆಯ ಲೆಕ್ಕಪತ್ರವೇ ಇರಬಹುದು. ಎಷ್ಟೋ ಸಭೆಗಳಲ್ಲಿ ಪ್ರಾರ್ಥನೆಗೆ ಜನ ಇದ್ದಾರೆ, ಲೆಕ್ಕ ನೇರ ಇಡುವವರಿಲ್ಲ! ಆ ಕೆಲಸ ಮಾಡುವಾಗ ಏನಾಗುತ್ತದೆ ಎಂದು ನೋಡಿ. ಮಕ್ಕಳು ನಿಮ್ಮ ಹತ್ತಿರ ಬರುತ್ತಾರಾ? ರೋಗಿಯ ಹತ್ತಿರ ಕೂತರೆ ಅವರಿಗೆ ಸಮಾಧಾನ ಆಗುತ್ತದಾ? ದೇವರು ಕೊಟ್ಟ ವರ ನಮ್ಮಲ್ಲಿ ಇದೆಯೋ ಇಲ್ಲವೋ ಎಂದು ನಮಗಿಂತ ಮೊದಲು ನಮ್ಮ ಸೇವೆ ಪಡೆದವರಿಗೆ ಗೊತ್ತಾಗುತ್ತದೆ. 1 ಪೇತ್ರ 4:10ರ ಪ್ರಕಾರ ವರ ಇರುವುದೇ ಒಬ್ಬರಿಗೊಬ್ಬರು ಸೇವೆ ಮಾಡಲು. ಯಾರೂ ಕೈತಟ್ಟದೆ ಇರುವ ಆರನೇ ತಿಂಗಳಲ್ಲೂ ಆಸೆ ಉಳಿದಿದ್ದರೆ ಅದಕ್ಕೆ ಬೆಲೆ ಇದೆ.

ಜೊತೆಗೆ ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ಇಬ್ಬರು ಮೂವರಿಗೆ ಹೇಳಿ. ನಿಮ್ಮ ಸಭಾಪಾಲಕರು, ಸ್ತ್ರೀಯರ ಕೂಟದ ಒಬ್ಬ ಹಿರಿಯರು, ಮತ್ತೆ ಅಮ್ಮ. ಅಮ್ಮನನ್ನು ಕೇಳದೆ ಮಾಡಬೇಡಿ. ಹೌದು ಹೌದು ಅನ್ನುವವರನ್ನಷ್ಟೇ ಆರಿಸಬೇಡಿ. ವರ್ಷದ ಕೊನೆಗೆ ಅವರೂ ನೀವೂ ಒಂದೇ ಕಡೆ ಬಂದಿದ್ದರೆ ಓದಿನ ವಿಚಾರ ತೆಗೆಯಬಹುದು. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ, ಬೆಂಗಳೂರಿನಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಇಂಥ ಕಡೆ ಸಾಮಾನ್ಯವಾಗಿ ಸಭೆಯ ಶಿಫಾರಸು ಕೇಳುತ್ತಾರೆ. ಸುಮ್ನೆ ಕೇಳುವುದಲ್ಲ ಅದು. ಕರೆಯನ್ನು ಒಬ್ಬರೇ ಹೇಳಿದರೆ ಸಾಲದು, ಬಲ್ಲವರೂ ಹೇಳಬೇಕು ಎಂಬ ಹಳೆಯ ತಿಳಿವಳಿಕೆ ಅದರ ಹಿಂದೆ ಇದೆ. ಹೆಣ್ಣುಮಗಳು ಅಂತ ಹಿಂಜರಿಯಬೇಡಿ. ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಮಹಿಳೆಯರು ದೀಕ್ಷೆ ಪಡೆದು ಸಭಾಪಾಲಕರಾಗಿದ್ದಾರೆ, 2013ರಲ್ಲಿ ಒಬ್ಬರು ಬಿಷಪ್ಪೂ ಆದರು. ಅಷ್ಟರಲ್ಲಿ ತಮ್ಮನ ಡಿಪ್ಲೊಮಾ ಎಲ್ಲಿಗೆ ಬಂದಿರುತ್ತದೆ, ಅಮ್ಮನ ಖರ್ಚು ಯಾರು ನೋಡುತ್ತಾರೆ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ಮಾಡಬೇಕು ಎಂದವರು ಯೇಸುವೇ, ಲೂಕ 14ರಲ್ಲಿ. ಲೆಕ್ಕ ನಿಮಗೆ ಹೊಸದಲ್ಲ ಅಲ್ವಾ.

ಒಂದು ವರ್ಷ ಆದ ಮೇಲೆ ಇಲ್ಲ, ನನ್ನ ಜಾಗ ಇದೇ ಫ್ಯಾಕ್ಟರಿ ಅನ್ನಿಸಿದರೆ? ಅದು ಎರಡನೇ ದರ್ಜೆಯ ಉತ್ತರವಲ್ಲ. ಉದ್ದೇಶ ತಪ್ಪಿಹೋಗುತ್ತಾ ಎಂಬ ಭಯ ನಿಮ್ಮ ಪತ್ರದ ತುಂಬ ಇದೆ. ಒಂದು ಕೂಟಕ್ಕೆ ಹೋಗದಿದ್ದರೆ, ಒಂದು ವೇದಿಕೆ ಹತ್ತದಿದ್ದರೆ ಮುರಿದುಬೀಳುವಷ್ಟು ತೆಳ್ಳಗೆ ದೇವರು ನಿಮ್ಮ ಬಾಳನ್ನು ಹೆಣೆದಿಲ್ಲ. ಪ್ರವಾದಿ ಯೋನ ದೇವರ ಮಾತು ಕೇಳದೆ ಬೇಕಂತಲೇ ಓಡಿಹೋದ, ಅವನನ್ನೇ ದೇವರು ಬಿಡಲಿಲ್ಲ. ನೀವು ಓಡುತ್ತಿಲ್ಲ, ಕೇಳುತ್ತಿದ್ದೀರಿ.

ಇನ್ನು ಆ ಫೋನ್. ಜಗಳ ಬೇಡ. "ಅಣ್ಣಾ, ನೀವು ಹೇಳಿದ್ದನ್ನು ಪ್ರಾರ್ಥನೆಯಲ್ಲಿ ಇಟ್ಟಿದ್ದೇನೆ. ನಮ್ಮ ಸಭೆಯ ಅಯ್ಯನವರ ಜೊತೆ ಮಾತಾಡುತ್ತಿದ್ದೇನೆ. ಇನ್ನೂ ಆಗದ ವಿಷಯಕ್ಕೆ ಸಾಕ್ಷಿ ಹೇಳಲು ನನ್ನಿಂದ ಆಗುವುದಿಲ್ಲ" ಎಂದು ಒಂದು ಸಲ ಹೇಳಿ. ಮೆಸೇಜ್‌ನಲ್ಲಿ ಹೇಳಿದರೂ ಸಾಕು. ಅವರು ದೇವರ ಮನುಷ್ಯರಾದರೆ, ಸರಿ ಮಗಳೇ ಅನ್ನುತ್ತಾರೆ. ಶಾಪದ ಮಾತಾಡಿ ಹೆದರಿಸಿದರೆ ಆ ನಂಬರನ್ನು ನಿಮ್ಮ ಸಭಾಪಾಲಕರಿಗೆ ಕೊಟ್ಟುಬಿಡಿ. ಮುಂದಿನ ಮಾತು ಅವರವರು ಆಡಿಕೊಳ್ಳಲಿ.